ಉಪಾಧ್ಯಕ್ಷರಾದ ಚಿಕ್ಕಪ್ಪನವರಿಗೆ

ಕೊಲಂಬಸ್, ಒಹಾಯೊ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಿಮ್ಮ ಅಣ್ಣನ ಮಗ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ತಾಲ್ಲೂಕು ಮಾಜಿ ಸೈನಿಕರ ಸಂಘಕ್ಕೆ ನಿಮ್ಮನ್ನು ಉಪಾಧ್ಯಕ್ಷರನ್ನಾಗಿ ಆರಿಸಿದ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಹೇಳಿದರು. ತುಂಬಾ ಸಂತೋಷವಾಯಿತು. ಅಧ್ಯಕ್ಷರು ಬಾರದ ದಿನ ಅವರ ಕುರ್ಚಿಯಲ್ಲಿ ಕೂರುವುದು ಬಿಟ್ಟರೆ ಈ ಹುದ್ದೆಯಲ್ಲಿ ಕೆಲಸವೇನು, ಅಲ್ಲಿಯ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನಲ್ಲಿ ಉಪನಾಯಕರು ಏನು ಮಾಡುತ್ತಾರೆ, ಬಿಡಿಸಿ ಬರಿ ಎಂದು ಹೇಳಿ ಕಳಿಸಿದ್ದೀರಿ. ಇಲ್ಲಿನ ಲೀಜನ್ ಘಟಕದಲ್ಲಿ ನಾನೀಗ ಅದೇ ಹುದ್ದೆಯಲ್ಲಿ ಇರುವುದರಿಂದ ನಾವು ನಿಜಕ್ಕೂ ಮಾಡುವ ಕೆಲಸವನ್ನೇ ಬರೆಯುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಲೀಜನ್ ಹುಟ್ಟಿದ್ದು 1919ರ ಮಾರ್ಚ್‌ನಲ್ಲಿ, ಪ್ಯಾರಿಸ್‌ನಲ್ಲಿ. ಮೊದಲ ಮಹಾಯುದ್ಧ ಮುಗಿದು ಊರಿಗೆ ಮರಳಲು ಕಾಯುತ್ತಿದ್ದ ಅಮೆರಿಕದ ಸೈನಿಕರು ಕಟ್ಟಿಕೊಂಡ ಸಂಘ ಇದು. ಅದೇ ವರ್ಷ ಸೆಪ್ಟೆಂಬರ್ 16ಕ್ಕೆ ಇಲ್ಲಿನ ಸಂಸತ್ತು ಸನ್ನದು ಕೊಟ್ಟಿತು. ಊರಿನ ಘಟಕಕ್ಕೆ ಪೋಸ್ಟ್ ಎನ್ನುತ್ತಾರೆ, ರಾಜ್ಯದ್ದಕ್ಕೆ ಡಿಪಾರ್ಟ್‌ಮೆಂಟ್. ಕೇಂದ್ರ ಕಚೇರಿ ಇಂಡಿಯಾನಾಪೊಲಿಸ್‌ನಲ್ಲಿದೆ. ಪೋಸ್ಟಿನ ಮುಖ್ಯಸ್ಥ ಕಮಾಂಡರ್. ಕಾಗದಪತ್ರವೆಲ್ಲ ಅಜುಟಂಟ್ ಕೈಯಲ್ಲಿ, ಹಣ ಫೈನಾನ್ಸ್ ಆಫೀಸರ್ ಕೈಯಲ್ಲಿ, ಪಿಂಚಣಿ, ಆಸ್ಪತ್ರೆ, ಪರಿಹಾರದ ವಿಚಾರ ಸರ್ವಿಸ್ ಆಫೀಸರ್ ಕೈಯಲ್ಲಿ. ಸಾಮಾನ್ಯವಾಗಿ ಉಪನಾಯಕರು ಇಬ್ಬರು: ಫಸ್ಟ್ ವೈಸ್ ಕಮಾಂಡರ್, ಸೆಕೆಂಡ್ ವೈಸ್ ಕಮಾಂಡರ್. ವಿಎಫ್‌ಡಬ್ಲ್ಯೂ ಎಂಬ ಇನ್ನೊಂದು ದೊಡ್ಡ ಸಂಘದಲ್ಲಿ ಇವರನ್ನೇ ಸೀನಿಯರ್ ವೈಸ್, ಜೂನಿಯರ್ ವೈಸ್ ಎಂದು ಕರೆಯುತ್ತಾರೆ. ಲೀಜನ್‌ನ ಸಂವಿಧಾನದಲ್ಲೇ ಒಂದು ಮಾತಿದೆ: ಇಲ್ಲಿ ಸೇನೆಯ ದರ್ಜೆ ಲೆಕ್ಕಕ್ಕಿಲ್ಲ, ಸಭೆಯಲ್ಲಿ ಯಾರನ್ನೂ ಅವರ ರ‍್ಯಾಂಕ್ ಹಿಡಿದು ಕರೆಯಕೂಡದು. ನಿಮ್ಮ ಸಂಘದಲ್ಲಿ ಸಿಪಾಯಿ ಎದ್ದು ಮಾತಾಡಲು ಹಿಂಜರಿಯುವುದು, ಸುಬೇದಾರ್ ಮೇಜರ್ ಹೇಳಿದ್ದೇ ಠರಾವು ಆಗುವುದು ಇದ್ದರೆ, ಈ ಒಂದು ನಿಯಮವನ್ನು ನೀವೂ ತರಬಹುದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಈಗ ಕೆಲಸಕ್ಕೆ ಬರುತ್ತೇನೆ. ಹೆಚ್ಚಿನ ಪೋಸ್ಟ್‌ಗಳಲ್ಲಿ ಫಸ್ಟ್ ವೈಸ್‌ಗೆ ಒಂದೇ ಹೊಣೆ: ಸದಸ್ಯತ್ವ. ಹೊಸಬರನ್ನು ತರುವುದು ಅದರ ಸಣ್ಣ ಪಾಲು. ಇರುವವರು ಜಾರಿಹೋಗದಂತೆ ನೋಡಿಕೊಳ್ಳುವುದು ದೊಡ್ಡ ಪಾಲು.

ಇದಕ್ಕೆ ತಾರೀಖುಗಳ ಚೌಕಟ್ಟಿದೆ. ಸದಸ್ಯತ್ವದ ವರ್ಷ ಜನವರಿಯಿಂದ ಡಿಸೆಂಬರ್. ಮುಂದಿನ ವರ್ಷದ ಚಂದಾ ಅಕ್ಟೋಬರ್ 20ಕ್ಕೆ ಸಲ್ಲಬೇಕು. ಜನವರಿ 1ರೊಳಗೆ ಕಟ್ಟದವರು ಬಾಕಿದಾರರು. ಫೆಬ್ರವರಿ 1ರ ತನಕ ಕಟ್ಟಿದರೆ ತಾನಾಗಿ ಸರಿಹೋಗುತ್ತದೆ, ಆಮೇಲೆ ಹಕ್ಕುಗಳೆಲ್ಲ ಅಮಾನತು. ಜೂನ್ 30 ದಾಟಿದರೆ ಸದಸ್ಯತ್ವವೇ ಹೋಗುತ್ತದೆ. ಕೇಂದ್ರ ಕಚೇರಿಯ ನೆನಪೋಲೆಗಳು ಹೋಗುತ್ತಲೇ ಇರುತ್ತವೆ. ಆದರೆ ಓಲೆಗೆ ಮಣಿಯದ ಮನುಷ್ಯ ಪರಿಚಿತ ದನಿಗೆ ಮಣಿಯುತ್ತಾನೆ. ಹಾಗಾಗಿ ನವೆಂಬರ್ ಮೊದಲ ವಾರ ಅಜುಟಂಟ್‌ನಿಂದ ಬಾಕಿ ಪಟ್ಟಿ ತೆಗೆದುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡುವುದು ಫಸ್ಟ್ ವೈಸ್‌ನ ಕೆಲಸ. ಫೆಬ್ರವರಿ ತನಕ ಕಾದರೆ ಕೆಲಸ ಕೆಡುತ್ತದೆ. ಅಷ್ಟು ಹೊತ್ತಿಗೆ ಅವರಿಗೆ "ಸಂಘ ನನ್ನನ್ನು ಕೈಬಿಟ್ಟಿತು" ಎಂಬ ಭಾವನೆ ಬಂದಿರುತ್ತದೆ.

ಚಂದಾ ಕಟ್ಟದಿರಲು ಹಣವೊಂದೇ ಕಾರಣವಲ್ಲ. ವಿಳಾಸ ಬದಲಾಗಿರುತ್ತದೆ. ಹೆಂಡತಿ ತೀರಿಕೊಂಡು, ಮನೆಯ ಕಾಗದಪತ್ರ ನೋಡುವವರು ಇಲ್ಲವಾಗಿರುತ್ತಾರೆ. ಕಣ್ಣು ಮಂಜಾಗಿ ರಾತ್ರಿ ಕಾರು ಓಡಿಸಲಾಗದೆ ಸಭೆ ತಪ್ಪಿ, ಹಾಗೇ ನಂಟು ಕಡಿದಿರುತ್ತದೆ. ಆದ್ದರಿಂದ ಫೋನಿನಲ್ಲಿ ಚಂದಾದ ಮಾತು ಕೊನೆಗೆ ಬರಬೇಕು. ಮೊದಲು ಆರೋಗ್ಯ, ಮನೆ, ಆಸ್ಪತ್ರೆಗೆ ಹೋಗಿಬರಲು ಅನುಕೂಲವಿದೆಯೇ ಎಂಬುದು. 2019ರಲ್ಲಿ ಲೀಜನ್ ಇದಕ್ಕೆ ಬಡ್ಡಿ ಚೆಕ್ (Buddy Check) ಎಂದು ಹೆಸರಿಟ್ಟು ದೇಶದಾದ್ಯಂತ ಶುರುಮಾಡಿತು. ಗೆಳೆಯನ ಯೋಗಕ್ಷೇಮ ವಿಚಾರಿಸುವುದು, ಅಷ್ಟೇ ಅರ್ಥ. ಚಂದಾ ಕೇಳುವ ಕರೆಯನ್ನೇ ಬಡ್ಡಿ ಚೆಕ್ ಎಂದು ಹೇಳಿ ಮಾಡುವ ಪೋಸ್ಟ್‌ಗಳಿವೆ. ಅದು ದೊಡ್ಡ ತಪ್ಪು. ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ, ಮುಂದಿನ ಸಲ ಫೋನ್ ಎತ್ತುವುದಿಲ್ಲ.

ಮಾಡುವ ರೀತಿ ಹೀಗೆ. 120 ಸದಸ್ಯರಿದ್ದರೆ ಫೋನ್ ಮಾಡಲು 10ರಿಂದ 12 ಜನ ಬೇಕು, ಒಬ್ಬರಿಗೆ 10ಕ್ಕಿಂತ ಹೆಚ್ಚು ಹೆಸರು ಕೊಡಬಾರದು. ಒಂದು ಕರೆಗೆ 15, 20 ನಿಮಿಷ ಹಿಡಿಯುತ್ತದೆ, 30 ಹೆಸರು ಕೊಟ್ಟರೆ ಅವರು ಐದಕ್ಕೇ ಸುಸ್ತಾಗುತ್ತಾರೆ. ಒಂದೇ ಕಾಲದಲ್ಲಿ ಅಥವಾ ಒಂದೇ ಪಡೆಯಲ್ಲಿ ಸೇವೆ ಮಾಡಿದವರನ್ನು ಜೋಡಿ ಮಾಡಬೇಕು. ವಿಯೆಟ್ನಾಂನಿಂದ ಬಂದವರು ಇನ್ನೊಬ್ಬ ವಿಯೆಟ್ನಾಂನವರ ಹತ್ತಿರ ಬಾಯಿ ಬಿಡುವಷ್ಟು ನಮ್ಮಂಥವರ ಹತ್ತಿರ ಬಿಡುವುದಿಲ್ಲ. ಕರೆ ಮಾಡಿದವರು ನಾಲ್ಕೇ ಸಂಗತಿ ಬರೆದುಕೊಳ್ಳುತ್ತಾರೆ: ಸಿಕ್ಕರೇ, ವಿಳಾಸ ಮತ್ತು ನಂಬರ್ ಸರಿಯಿದೆಯೇ, ಏನಾದರೂ ಬೇಕೇ, ಮತ್ತೆ ಯಾವತ್ತು ಕರೆಯಬೇಕು. ಕಾಯಿಲೆಯ ವಿವರ ಬರೆಯುವುದಿಲ್ಲ. ಆ ಹಾಳೆ ಯಾರ ಕೈಗೆ ಹೋಗುತ್ತದೋ ತಿಳಿಯದು. "ಏನೋ ಬೇಕು" ಎಂದವರ ಹೆಸರು 48 ಗಂಟೆಯೊಳಗೆ ಸರ್ವಿಸ್ ಆಫೀಸರ್‌ಗೆ ಮುಟ್ಟಬೇಕು. ಮುಟ್ಟಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಒಂದು ವಾರ ಬಿಟ್ಟು ಏನಾಯಿತೆಂದು ಕೇಳುವವರು ಫಸ್ಟ್ ವೈಸ್. ಈ ಕೊನೆಯ ಹೆಜ್ಜೆ ತಪ್ಪುವುದೇ ಹೆಚ್ಚು, ಕೇಳಿಸಿಕೊಂಡು ಏನೂ ಮಾಡದ ಸಂಘಕ್ಕಿಂತ ಕೇಳದ ಸಂಘವೇ ವಾಸಿ ಎನಿಸಿಬಿಡುತ್ತದೆ.

ದನಿಯಲ್ಲಿ ಬದುಕು ಬೇಡವಾದ ಛಾಯೆ ಕಂಡರೆ, ಸುತ್ತಿ ಬಳಸದೆ ನೇರವಾಗಿ ಕೇಳಬೇಕೆಂದು ಇಲ್ಲಿ ತರಬೇತಿಯಲ್ಲೇ ಹೇಳಿಕೊಡುತ್ತಾರೆ: "ಸಾಯುವ ಯೋಚನೆ ಬರುತ್ತಿದೆಯೇ?" ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ತಪ್ಪು. ಹೌದೆಂದರೆ ಫೋನ್ ಇಡದೆ ಮಾತಾಡುತ್ತಾ, ಇನ್ನೊಬ್ಬರನ್ನು ಅವರ ಮನೆಗೆ ಕಳಿಸಿ, 988ಕ್ಕೆ ಕರೆ ಮಾಡಿ 1 ಒತ್ತುವ ಸಹಾಯವಾಣಿಗೆ ಸೇರಿಸಬೇಕು. ಅದು ಮಾಜಿ ಸೈನಿಕರಿಗೆಂದೇ ಇರುವ ಸಾಲು, ದಿನದ 24 ಗಂಟೆಯೂ ಇರುತ್ತದೆ. ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ. ಆ ನಂಬರ್ ನಿಮ್ಮ ಕಮಿಟಿಯ ಎಲ್ಲರ ಫೋನಿನಲ್ಲೂ ಇರಲಿ.

ಹೊಸ ಸದಸ್ಯರ ವಿಷಯದಲ್ಲಿ ಮುಖ್ಯವಾದದ್ದು ದಾಖಲೆ. ನಿಮ್ಮ ಡಿಸ್ಚಾರ್ಜ್ ಬುಕ್ ಇದ್ದ ಹಾಗೆ ಇಲ್ಲಿ ಡಿಡಿ-214 ಎಂಬ ಕಾಗದವಿದೆ. ಅದರ ಮೊದಲ ಪ್ರತಿಯಲ್ಲಿ ಯಾವ ರೀತಿಯ ಬಿಡುಗಡೆ ಎಂಬುದು ಇರುವುದಿಲ್ಲ, ಮೆಂಬರ್-4 ಎಂಬ ಪ್ರತಿಯಲ್ಲಿ ಇರುತ್ತದೆ. ಅದನ್ನೇ ನೋಡಬೇಕು. ಗೌರವದ ಬಿಡುಗಡೆ ಆಗಿದೆಯೇ, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಸೇವೆ ಎಂಬುದು ಸಾಕು. 2019ರ ಜುಲೈನಲ್ಲಿ ಕಾನೂನು ತಿದ್ದಿದ ಮೇಲೆ, 1941ರ ಡಿಸೆಂಬರ್ 7ರಿಂದ ಈಚೆಗೆ ಒಂದು ದಿನವಾದರೂ ಸಕ್ರಿಯ ಸೇವೆ ಮಾಡಿದವರು ಅರ್ಹರು. ಮೊದಲು ಯುದ್ಧಗಳ ನಡುವಿನ ವರ್ಷಗಳಲ್ಲಿ ಸೇವೆ ಮಾಡಿದವರು ಹೊರಗುಳಿದಿದ್ದರು. ಆ ಕಾಗದದಲ್ಲಿ ನಮ್ಮ ಆಧಾರ್‌ನಂಥ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇರುತ್ತದೆ. ಅದಕ್ಕೇ ನೋಡಿ, ಗುರುತು ಹಾಕಿಕೊಂಡು ವಾಪಸ್ ಕೊಡುವುದು, ಜೆರಾಕ್ಸ್ ಇಟ್ಟುಕೊಳ್ಳದಿರುವುದು ಒಳ್ಳೆಯದು. ಕಾಗದ ಕಳೆದುಕೊಂಡವರು ಎಸ್‌ಎಫ್-180 ಅರ್ಜಿ ತುಂಬಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಕಳಿಸಬೇಕು. 1973ರ ಜುಲೈ 12ರಂದು ಅಲ್ಲಿ ಬೆಂಕಿ ಬಿದ್ದು, 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯವರ ದಾಖಲೆಯಲ್ಲಿ ಸುಮಾರು 80% ಸುಟ್ಟುಹೋಯಿತು. ಹಾಗಾಗಿ ಆ ಕಾಲದ ಮುದುಕರಿಗೆ ಬರೀ "ದಾಖಲೆ ತನ್ನಿ" ಎಂದರೆ ಅನ್ಯಾಯ. ಜೊತೆಗೆ ಕೂತು ಹಳೆಯ ಆದೇಶ ಪತ್ರ, ಪಾವತಿ ಚೀಟಿ ಹುಡುಕಿಕೊಡಬೇಕು.

ಹಣದ ವಿಷಯದಲ್ಲಿ ಒಂದು ಎಚ್ಚರ. ಯಾವುದೋ ಊಟದ ಕೂಟದಲ್ಲಿ ಚಂದಾ ಕೈಗೆ ಬಂತು, ಜೇಬಿಗೆ ಹೋಯಿತು, ಎರಡು ವಾರ ಮರೆಯಿತು. ಕಟ್ಟಿದವರಿಗೆ ಬಾಕಿ ಓಲೆ ಬಂತು. ಇದರಿಂದ ಕಳೆದುಕೊಳ್ಳುವ ಸದಸ್ಯರು ಮತ್ತೆ ಬರುವುದಿಲ್ಲ. ಅಲ್ಲಿಯೇ ರಸೀದಿ, ಮಾರನೆಯ ದಿನವೇ ಅಜುಟಂಟ್‌ಗೆ ಹಣ ಮತ್ತು ಹೆಸರು. ಉಪನಾಯಕರು ಹಣ ಇಟ್ಟುಕೊಳ್ಳುವವರಲ್ಲ, ದಾಟಿಸುವವರು.

ಸೆಕೆಂಡ್ ವೈಸ್‌ನ ಪಾಲು ಕಾರ್ಯಕ್ರಮಗಳು ಮತ್ತು ಸಭೆಯ ವಾತಾವರಣ. ಬಂದವರು ಮತ್ತೆ ಬರಬೇಕೆನಿಸುವಂತೆ ಮಾಡುವುದು. ಇದು ಹಗುರದ ಕೆಲಸವಲ್ಲ. ಸಭೆಗೆ ಒಂದು ಗಂಟೆ ಮುಂಚೆ ಹಾಲ್ ತೆರೆದು, ಕುರ್ಚಿ ಹಾಕಿಸಿ, ಮೈಕ್ ಪರೀಕ್ಷಿಸಿ, ಗಾಲಿಕುರ್ಚಿ ಬರಲು ದಾರಿ ಬಿಡಿಸಿ, ಕಿವಿ ಮಂದವಾದವರನ್ನು ಮುಂದೆ ಕೂರಿಸಬೇಕು. ಬಾಗಿಲಲ್ಲಿ ಒಬ್ಬರು ನಿಂತು ಹೊಸಬರನ್ನು ಕೈಹಿಡಿದು ಯಾರಾದರೂ ಒಬ್ಬರ ಪಕ್ಕ ಕೂರಿಸಬೇಕು. ಒಬ್ಬಂಟಿಯಾಗಿ ಗೋಡೆ ಪಕ್ಕ ಕೂತು ಹೋದ ಹೊಸಬರು ಎರಡನೇ ಸಭೆಗೆ ಬರುವುದು ಕಡಿಮೆ. ಕಾಣೆಯಾದ ಯೋಧರ ನೆನಪಿಗೆ ಒಂದು ಖಾಲಿ ಕುರ್ಚಿ ಇಡುವ ಪದ್ಧತಿ ಇದೆ. ಅದರ ಮೇಲೆ ಯಾರೂ ಕೋಟು ಹಾಕದಂತೆ ನೋಡಿಕೊಳ್ಳುವುದೂ ಒಂದು ಕೆಲಸವೇ. ಲೀಜನ್ ಯಾವ ಪಕ್ಷದ್ದೂ ಅಲ್ಲವೆಂದು ಸಂವಿಧಾನ ಹೇಳುವುದರಿಂದ, ಚುನಾವಣೆ ಹತ್ತಿರ ಬಂದಾಗ ಅತಿಥಿಗಳ ಪಟ್ಟಿ ಬಿಗಿಯಾಗಿರಬೇಕು. ಅಭ್ಯರ್ಥಿ ಒಬ್ಬರು ಮೈಕ್ ಹಿಡಿದರೆ ಸಂಘ ಎರಡು ಹೋಳಾಗುತ್ತದೆ. ಊರಲ್ಲಿ ಇದರ ಬಿಸಿ ಇನ್ನೂ ಜಾಸ್ತಿ ಎಂದು ನಿಮಗೇ ಗೊತ್ತು.

ವರ್ಷದಲ್ಲಿ ದೊಡ್ಡ ದಿನ ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ, ಮಡಿದ ಯೋಧರನ್ನು ನೆನೆಯುವ ದಿನ. ಅದಕ್ಕೆ ಮುಂಚೆ ಊರಿನ ಸ್ಮಶಾನಗಳಲ್ಲಿ ಸೈನಿಕರ ಸಮಾಧಿಗಳಿಗೆ ಸಣ್ಣ ಬಾವುಟ ನೆಡುತ್ತೇವೆ. ಇದು ಮಾರ್ಚ್‌ನಲ್ಲೇ ಶುರುವಾಗಬೇಕು: ಸಮಾಧಿಗಳ ಪಟ್ಟಿಗೆ ಹಿಂದಿನ ವರ್ಷ ತೀರಿಕೊಂಡವರ ಹೆಸರು ಸೇರಿಸಿ, ಲೆಕ್ಕಕ್ಕಿಂತ ನೂರಕ್ಕೆ ಹತ್ತು ಹೆಚ್ಚು ಬಾವುಟ ತರಿಸಬೇಕು, ಏಕೆಂದರೆ ಕೋಲು ಮುರಿಯುತ್ತದೆ. ಕಲ್ಲಿನ ಮುಂದೆ ಒಂದು ಅಡಿ ದೂರಕ್ಕೆ, ನಡುಮಧ್ಯಕ್ಕೆ ನೆಡುವುದು. ನೆಲ ಗಟ್ಟಿಯಿದ್ದರೆ ಕಬ್ಬಿಣದ ಸಲಾಕೆಯಿಂದ ಮೊದಲು ತೂತು ಮಾಡಬೇಕು. ಸಾಲಿಗೆ ಇಬ್ಬರು, ಒಬ್ಬರು ಹೆಸರು ಓದಲು, ಒಬ್ಬರು ನೆಡಲು. ಪಟ್ಟಿ ಹಳೆಯದಾದರೆ ಯಾರೋ ಒಬ್ಬರ ಸಮಾಧಿ ಬರಿದಾಗಿ ಉಳಿಯುತ್ತದೆ, ಅವರ ಮಗಳು ಅದನ್ನು ನೋಡುತ್ತಾಳೆ. ಆ ದಿನ ಬಾವುಟ ಮಧ್ಯಾಹ್ನ 12ರ ತನಕ ಅರ್ಧಕ್ಕೆ, ಆಮೇಲೆ ಪೂರ್ತಿ ಮೇಲಕ್ಕೆ. ಅದರ ಹಿಂದಿನ ಶುಕ್ರವಾರ ಮಡಿದ ಯೋಧರ ನೆನಪಿನ ಕೆಂಪು ಪಾಪಿ (ಗಸಗಸೆ) ಹೂ ಹಂಚುವ ದಿನ. ಅದಕ್ಕೆ ಬೆಲೆಯಿಲ್ಲ, ಕೊಟ್ಟಷ್ಟು ದೇಣಿಗೆ. ಆ ಹಣ ಮಾಜಿ ಸೈನಿಕರು, ಸೈನಿಕರು ಮತ್ತು ಅವರ ಕುಟುಂಬದ ನೆರವಿಗೆ ಮಾತ್ರ, ಹಾಲ್‌ನ ಕರೆಂಟ್ ಬಿಲ್ಲಿಗೆ ಮುಟ್ಟಕೂಡದು. ಡಬ್ಬಿಗಳನ್ನು ಇಬ್ಬರು ಕೂತು ಎಣಿಸಿ ಇಬ್ಬರೂ ಸಹಿ ಹಾಕುತ್ತಾರೆ. ಡಿಸೆಂಬರ್ 7ರ ನಮ್ಮ ಧ್ವಜ ದಿನದ ಡಬ್ಬಿಗೂ ಇದೇ ಪದ್ಧತಿ ಇಟ್ಟುಕೊಳ್ಳಿ. ಜೂನ್ 14ರ ಇಲ್ಲಿನ ಧ್ವಜ ದಿನದ ಆಸುಪಾಸಿಗೆ ಹರಿದ ಬಾವುಟಗಳನ್ನು ಗೌರವದಿಂದ ಸುಡುವ ವಿಧಿ ಇದೆ. ನೈಲಾನ್ ಬಾವುಟ ಸುಟ್ಟರೆ ಕೆಟ್ಟ ಹೊಗೆ ಬರುವುದರಿಂದ ಹತ್ತಿಯವನ್ನು ಮೊದಲೇ ಬೇರೆ ಮಾಡಬೇಕು.

ಇನ್ನು ಕುರ್ಚಿಯ ವಿಷಯ. ಕಮಾಂಡರ್ ಇಲ್ಲದಾಗ ಫಸ್ಟ್ ವೈಸ್, ಅವರೂ ಇಲ್ಲದಿದ್ದರೆ ಸೆಕೆಂಡ್ ವೈಸ್ ಸಭೆ ನಡೆಸುತ್ತಾರೆ. ಅದಕ್ಕೆ ಕೋರಂ ಎಷ್ಟು, ಬೈಲಾ ಏನು ಹೇಳುತ್ತದೆ, ಕಾರ್ಯಸೂಚಿಯ ಕ್ರಮ ಯಾವುದು ಎಂಬುದು ಬಾಯಿಪಾಠವಾಗಿರಬೇಕು. ಇಲ್ಲಿ ಮರದ ಸುತ್ತಿಗೆಯ ಭಾಷೆಯೂ ಇದೆ: ಮೂರು ಏಟಿಗೆ ಎಲ್ಲರೂ ಏಳುವುದು, ಎರಡಕ್ಕೆ ಪದಾಧಿಕಾರಿಗಳು, ಒಂದಕ್ಕೆ ಕೂರುವುದು. ಅಧ್ಯಕ್ಷರ ಗೈರಿನಲ್ಲಿ ಅವರು ಮುಂದಕ್ಕಿಟ್ಟಿದ್ದ ಜಗಳದ ವಿಷಯವನ್ನು ಎತ್ತಿ ಠರಾವು ಮಾಡಿಸುವುದು ಮಾತ್ರ ಬೇಡ, ಮತ ನಿಮ್ಮ ಕಡೆಗಿದ್ದರೂ. ಅವತ್ತು ಗೆದ್ದದ್ದು ಮುಂದಿನ ವರ್ಷವಿಡೀ ಕಾಡುತ್ತದೆ. ಸಭೆ ಮುಗಿದ ರಾತ್ರಿಯೇ ಅವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿಬಿಡಬೇಕು.

ನಿಮ್ಮ ಸಂಘಕ್ಕೆ ಇದರಲ್ಲಿ ಮೊದಲು ಹಿಡಿಸುವುದು ಫೋನಿನ ಪಟ್ಟಿ ಎಂದು ನನಗನಿಸುತ್ತದೆ. ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರದ ಓಡಾಟ ಹೇಗೂ ಇರುತ್ತದೆ. ಆಗಲೇ ಒಬ್ಬೊಬ್ಬರಿಗೂ ಕರೆ ಮಾಡಿ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಪ್ರಮಾಣಪತ್ರ ಆಯಿತೇ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇದೆಯೇ, ಪಿಂಚಣಿ ಪಾವತಿ ಆದೇಶದಲ್ಲಿ (ಪಿಪಿಒ) ಹೆಂಡತಿಯ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ಎಂದು ಕೇಳಿ. ಈ ಮೂರನೆಯದು ತಪ್ಪಿರುವುದು ಗಂಡ ಹೋದ ಮೇಲೆ ಗೊತ್ತಾದರೆ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಆ ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಗಂಡ ಇರುವಾಗಲೇ ರೆಕಾರ್ಡ್ ಆಫೀಸಿಗೆ ಬರೆದು ತಿದ್ದಿಸುವುದು ಎಷ್ಟೋ ಸುಲಭ. ವೀರನಾರಿಯರು (ಹುತಾತ್ಮ ಯೋಧರ ಪತ್ನಿಯರು), ಬೇರೆ ವಿಧವೆಯರ ಹೆಸರುಗಳನ್ನು ಪಟ್ಟಿಯಲ್ಲಿ ಮೊದಲೇ ಇಡಿ. ಅವರಿಗೆ ಕರೆ ಮಾಡಲು ಚಿಕ್ಕಮ್ಮನಂಥ ಹೆಂಗಸರೇ ಇರಲಿ.

ನಿಮ್ಮ ಸಂಘದ ಬೈಲಾದ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಉಪಾಧ್ಯಕ್ಷರ ಕೆಲಸದ ಬಗ್ಗೆ ಅದರಲ್ಲಿ ಒಂದೇ ಸಾಲು ಇದ್ದರೆ, ಮುಂದಿನ ಸಾಮಾನ್ಯ ಸಭೆಗೆ ತಿದ್ದುಪಡಿಯ ಕರಡು ನಾನೇ ಬರೆದು ಕಳಿಸುತ್ತೇನೆ. ಚಿಕ್ಕಮ್ಮನ ಹೆಸರು ಪಿಪಿಒದಲ್ಲಿ ಹೇಗಿದೆ ಎಂದು ಈ ವಾರವೇ ತೆಗೆದು ನೋಡಿ, ಮರೆಯಬೇಡಿ.

ನಿಮ್ಮ ಆಶೀರ್ವಾದ ಬೇಡುವ,
ಅಣ್ಣನ ಮಗ