ಸ್ಕ್ರೂ ತಿರುಗಿಸಿ ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಔಷಧಿ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡಿಕೊಳ್ಳುವ ಬಗ್ಗೆ ನಿಮ್ಮ ಕೃಷಿ ಪುಟದಲ್ಲಿ ಬಂದ ಬರಹ ಓದಿದೆ. ವಿಷಯ ಒಳ್ಳೆಯದೇ. ನಮ್ಮ ಗಂಗಾವತಿ, ಕಾರಟಗಿ ಕಡೆ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದಾಗ ಫೋನ್ ಆಫ್ ಆದರೆ ಎಂಥ ಫಜೀತಿ ಅಂತ ಹೋದವರಿಗೇ ಗೊತ್ತು. ಆದರೆ ಆ ಬರಹದಲ್ಲಿ ಎಲ್‌ಎಂ 2596 ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಐಸಿ ಇರುವ ಪುಟ್ಟ ಬೋರ್ಡು) ತಂದು, ಅದರ ಮೇಲಿನ ನೀಲಿ ಪ್ರಿಸೆಟ್‌ನ (ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್) ಸ್ಕ್ರೂ ತಿರುಗಿಸಿ, ಮೀಟರ್‌ನಲ್ಲಿ 5 ಬಂದಾಗ ನಿಲ್ಲಿಸಿ ಅಂತ ಬರೆದು ಮುಗಿಸಿದ್ದಾರೆ. ರಿಪೇರಿ ಕೆಲಸದವನಾದ ನನಗೆ ಅಲ್ಲೇ ತಕರಾರು.

ಟೇಬಲ್ ಮೇಲೆ ಅದು ಸರಿಯಾಗೇ ಕೆಲಸ ಮಾಡುತ್ತದೆ. ಆದರೆ ಅದು ಇರೋದು ಟೇಬಲ್ ಮೇಲಲ್ಲ, ಪಂಪಿಗೆ ಕಟ್ಟಿಕೊಂಡು, ಬೈಕಿನ ಹಿಂದೆ ಕುಲುಕುತ್ತಾ, ಧೂಳು ತಿನ್ನುತ್ತಾ, 40 ಡಿಗ್ರಿ ದಾಟಿದ ಬಿಸಿಲಲ್ಲಿ. ಆ ಪ್ರಿಸೆಟ್ 10 ಕಿಲೋ ಓಮ್‌ನದ್ದು, ಈ ಕೊನೆಯಿಂದ ಆ ಕೊನೆಗೆ ಸುಮಾರು 25 ಸುತ್ತು. ಕೆಳಗೆ ಬೋರ್ಡಿನಲ್ಲಿ ಸಾಮಾನ್ಯವಾಗಿ 330 ಓಮ್ ರೆಸಿಸ್ಟರ್ ಇರುತ್ತದೆ, ಮೇಲೆ 331 ಅಥವಾ 3300 ಅಂತ ಬರೆದಿರುತ್ತಾರೆ, ಕೊನೆಯ ಅಂಕಿ ಎಷ್ಟು ಸೊನ್ನೆ ಅನ್ನೋದರ ಗುರುತು. ಹೊರಬರುವ ವೋಲ್ಟೇಜ್‌ನ ಲೆಕ್ಕ ಸುಲಭ: ಪ್ರಿಸೆಟ್ ಎಷ್ಟು ಓಮ್ ಇದೆಯೋ ಅದನ್ನು 330ರಿಂದ ಭಾಗಿಸಿ, ಒಂದು ಕೂಡಿಸಿ, 1.23ರಿಂದ ಗುಣಿಸಿ. ಪೂರ್ತಿ ತಿರುಗಿಸಿದರೆ 38 ವೋಲ್ಟ್ ದಾಟುತ್ತದೆ! ಅಂದರೆ ಒಂದು ಸುತ್ತಿಗೆ ಒಂದೂವರೆ ವೋಲ್ಟ್. ನಮಗೆ ಬೇಕಿರೋದು 5 ಮಾತ್ರ, ಅಷ್ಟಕ್ಕೆ ಇಷ್ಟು ದೊಡ್ಡ ರೇಂಜ್ ಯಾಕೆ? ಬ್ಯಾಟರಿಯೇ 12 ಆದ್ದರಿಂದ 38 ಬರಲ್ಲ ನಿಜ, ಆದರೆ ಮಕ್ಕಳು ಸುಮ್ನೆ ಸ್ಕ್ರೂಡ್ರೈವರ್ ಹಾಕಿ ನಾಲ್ಕು ಸುತ್ತು ತಿರುಗಿಸಿದರೆ 11ರ ಹತ್ತಿರ ಹೋಗುತ್ತದಲ್ಲ, ಫೋನ್ ಹಾಳಾಗಲು ಅಷ್ಟು ಸಾಕು. ಕೆಲವು ಫೋನುಗಳು ತಡೆದುಕೊಂಡಾವು, ಎಲ್ಲವೂ ಅಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ಐಸಿ ತನ್ನ 4ನೇ ಕಾಲಿನಲ್ಲಿ, ಅಂದರೆ ಫೀಡ್‌ಬ್ಯಾಕ್ ಪಿನ್‌ನಲ್ಲಿ, ಯಾವಾಗಲೂ 1.23 ವೋಲ್ಟ್ ಇರುವಂತೆ ನೋಡಿಕೊಳ್ಳುತ್ತದೆ. ಔಟ್‌ಪುಟ್‌ನಿಂದ ಆ ಕಾಲಿಗೆ ಬರುವ ದಾರಿಯೇ ಪ್ರಿಸೆಟ್. ಅದರೊಳಗೆ ಸ್ಕ್ರೂ ಜೊತೆ ಸರಿಯುವ ಮುಳ್ಳು ಧೂಳಿಗೋ ಕುಲುಕಾಟಕ್ಕೋ ಒಂದು ಕ್ಷಣ ಬಿಟ್ಟುಕೊಂಡರೆ ಐಸಿಗೆ ಸೊನ್ನೆ ಕಾಣುತ್ತದೆ. ಅಯ್ಯೋ ವೋಲ್ಟೇಜ್ ಬಿದ್ದುಹೋಯಿತು ಅಂತ ಅದು ಪೂರ್ತಿ ತೆರೆದು, ಬ್ಯಾಟರಿಯಲ್ಲಿದ್ದದ್ದನ್ನೆಲ್ಲಾ ಫೋನಿಗೆ ತಳ್ಳುತ್ತದೆ. ಯಾರೂ ಸ್ಕ್ರೂ ಮುಟ್ಟಬೇಕಾಗೇ ಇಲ್ಲ.

ಪರಿಹಾರ ಒಂದು ರೆಸಿಸ್ಟರ್. ಬ್ಯಾಟರಿ ಬಿಚ್ಚಿಟ್ಟು, ಪ್ರಿಸೆಟ್ ಕಿತ್ತು, ಅದರ ಜಾಗದಲ್ಲಿ 1 ಕಿಲೋ ಓಮ್ ಬೆಸುಗೆ ಹಾಕಿ. ಒಂದು ತುದಿ ಔಟ್‌ಪುಟ್ ಪ್ಲಸ್‌ಗೆ, ಇನ್ನೊಂದು ಐಸಿಯ 4ನೇ ಕಾಲಿಗೆ ಹೋಗುವ ತೂತಿಗೆ. 4.96 ವೋಲ್ಟ್ ಬರುತ್ತದೆ, ತಿರುಗಿಸಲು ಏನೂ ಉಳಿಯಲ್ಲ. ಅದರಲ್ಲಿ ಹರಿಯೋದು ನಾಲ್ಕು ಮಿಲಿಆಂಪ್ ಕೂಡ ಅಲ್ಲ, ಹಾಗಾಗಿ ಕಾಲು ವ್ಯಾಟ್‌ನದ್ದು ಧಾರಾಳ. ಉದ್ದ ಕೇಬಲ್ ಇದೆ, ಸ್ವಲ್ಪ ಜಾಸ್ತಿ ಬೇಕು ಅನ್ನುವವರು 1 ಕಿಲೋ ಜೊತೆ ಸಾಲಾಗಿ 100 ಓಮ್ ಪ್ರಿಸೆಟ್ ಸೇರಿಸಬಹುದು, ಮುಳ್ಳಿನ ಕಾಲನ್ನು ಒಂದು ತುದಿಯ ಕಾಲಿಗೇ ಸೇರಿಸಿಬಿಡಬೇಕು. ಆಗ ರೇಂಜ್ 4.96ರಿಂದ 5.33ರವರೆಗೆ ಮಾತ್ರ, ಮುಳ್ಳು ಬಿಟ್ಟುಕೊಂಡರೂ 5.33 ದಾಟಲ್ಲ. ಬೋರ್ಡಿನಲ್ಲಿ 330 ಓಮ್ ಬದಲು ಬೇರೆ ರೆಸಿಸ್ಟರ್ ಇದ್ದರೆ ಮೇಲಿನ ಲೆಕ್ಕದಲ್ಲಿ ಅದನ್ನೇ ಹಾಕಿ ನೋಡಿ. ಯಾವುದಕ್ಕೂ ಮೊದಲು ಮೀಟರ್ ಹಿಡಿಯಿರಿ, ಆಮೇಲೆ ಫೋನ್.

ರೆಸಿಸ್ಟರ್ ಬದಲಿಸಿ 12ರಿಂದ 19 ಮಾಡಿಕೊಡಿ ಅಂತ ಲ್ಯಾಪ್‌ಟಾಪ್ ಹಿಡಿದು ಬರುವವರೂ ಇದ್ದಾರೆ. ಆಗಲ್ಲ. ಇದು ಇಳಿಸುವ ಸರ್ಕ್ಯೂಟ್, ಏರಿಸುವುದು ಬೇರೆ.

ಇನ್ನು ವೋಲ್ಟೇಜ್ ಇಳಿಸುವ ಹಳೇ ಐಸಿ, ಎಲ್‌ಎಂ 317. ಅದರಲ್ಲೂ ಇದೇ ಲೆಕ್ಕ, 1.23ರ ಬದಲು 1.25 ಅಷ್ಟೇ. ಫೋನಿಗೆ ಅದು ಬೇಡ, 12ರಿಂದ 5ಕ್ಕೆ ಇಳಿಸುತ್ತಾ ಒಂದು ಆಂಪ್ ಕೊಟ್ಟರೆ 7 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ, ದೊಡ್ಡ ಹೀಟ್‌ಸಿಂಕ್ ಇಲ್ಲದಿದ್ದರೆ ನಮ್ಮ ಬೇಸಿಗೆಗೆ ನಿಲ್ಲಲ್ಲ. ಆದರೆ ಮೂರು ಸೆಲ್‌ನ ರೇಡಿಯೋಗೆ ನಾನು 317 ಅನ್ನೇ ಹಾಕಿಕೊಡುತ್ತೇನೆ. 2596 ಸ್ವಿಚಿಂಗ್ ಜಾತಿಯದ್ದು, ಅಂದರೆ ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡುವಂಥದ್ದು, ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಕೇಳುವಾಗ ಗೊರ್ ಅಂತ ಸದ್ದು ಸೇರಿಸುತ್ತದೆ. 317ಗೆ ಅಲ್ಲಿನ 330ರ ಬದಲು ಹಾಕುವ ಮಾಮೂಲಿ 240 ಓಮ್ ಜೊತೆ 5 ಕಿಲೋ ಪ್ರಿಸೆಟ್ ಹಾಕಿದರೆ ರೇಂಜ್ 27 ವೋಲ್ಟ್‌ವರೆಗೆ ಹೋಗುತ್ತದೆ. ಪ್ರಿಸೆಟ್ ಜಾಗದಲ್ಲಿ 620 ಓಮ್ ಹಾಕಿ, ಸುಮಾರು 4.5ಕ್ಕೆ ನಿಲ್ಲುತ್ತದೆ.

ಆ ಬರಹದ ಜೊತೆ ಬಂದ ಚಿತ್ರವನ್ನು ಮತ್ತೆ ಛಾಪಿಸುವುದಿದ್ದರೆ ದಯವಿಟ್ಟು ಪ್ರಿಸೆಟ್ ಜಾಗದಲ್ಲಿ 1 ಕಿಲೋ ಓಮ್ ಅಂತ ತಿದ್ದಿ, ಪಕ್ಕದಲ್ಲೇ 1 ಪರ್ಸೆಂಟ್ (ಬರೆದ ಓಮ್‌ಗಿಂತ ಅಷ್ಟೇ ಹೆಚ್ಚು ಕಡಿಮೆ ಆಗುವಂಥದ್ದು) ಮೆಟಲ್ ಫಿಲ್ಮ್ ಅಂತಲೂ ಸೇರಿಸಿ. ಹಾಗೆ ಕೇಳದಿದ್ದರೆ ಅಂಗಡಿಯಲ್ಲಿ 5 ಪರ್ಸೆಂಟ್‌ನದ್ದನ್ನೇ ಕಟ್ಟಿಕೊಡುತ್ತಾರೆ, ಆಗ 4.8ಕ್ಕೂ ಇಳಿಯಬಹುದು, 5.1ಕ್ಕೂ ಏರಬಹುದು.

ಇಂತಿ,
ಒಬ್ಬ ರೇಡಿಯೋ ರಿಪೇರಿಗಾರ
ಗಂಗಾವತಿ, ಕೊಪ್ಪಳ ಜಿಲ್ಲೆ