ಹವಾಲ್ದಾರರ ಹೆಂಡತಿ ಯಾರೆಂದು ಇನ್ನೆಷ್ಟು ಸಲ ಹೇಳಬೇಕು? ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಸೇನೆಯಲ್ಲಿ ಹವಾಲ್ದಾರರಾಗಿದ್ದ ನಮ್ಮ ಅಪ್ಪ ತೀರಿಕೊಂಡಾಗ ನೀವು ಮನೆಗೆ ಬಂದಿದ್ದಿರಿ. ಮಾಲೆ ಹಾಕಿ, ಅವ್ವನ ಎದುರು ಚಾಪೆ ಮೇಲೆ ಕೂತು, "ಏನ ಬೇಕಿದ್ರೂ ನನಗ ಹೇಳ್ರಿ" ಅಂದಿದ್ದಿರಿ. ಅದಾಗಿ ವರ್ಷ ದಾಟಿತು. ಈಗ ಹೇಳುತ್ತಿದ್ದೇನೆ. ಅವ್ವನಿಗೆ ಇವತ್ತಿನವರೆಗೆ ಕುಟುಂಬ ಪಿಂಚಣಿಯ ಒಂದು ರೂಪಾಯಿಯೂ ಬಂದಿಲ್ಲ. ಅದನ್ನು ಕೊಡಿಸಿ.

ನಿಯಮ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಪಿಂಚಣಿದಾರ ಹೋದ ಮರುದಿನದಿಂದಲೇ ಅದು ಹೆಂಡತಿಗೆ ಸಲ್ಲಬೇಕು. ಇಲ್ಲಿ ಅಡ್ಡ ಬಂದಿರುವುದು ಇಷ್ಟೇ: ಅಪ್ಪನ ಸೇನಾ ದಾಖಲೆಯಲ್ಲಿ ಅವ್ವನ ಹೆಸರಿನ ಕೊನೆಗೆ 'ಬಾಯಿ' ಅಂತಿದೆ, ಆಧಾರ್‌ನಲ್ಲಿ 'ಅವ್ವ' ಅಂತಿದೆ. ನೀವೂ ಬೆಳಗಾವಿ ಸೀಮೆಯವರೇ. ಕನ್ನಡ, ಮರಾಠಿ ಎರಡೂ ಆಡುವ ಈ ಊರುಗಳಲ್ಲಿ ಒಬ್ಬಳೇ ಹೆಂಗಸಿಗೆ ಹೀಗೆ ಎರಡು ಹೆಸರಿರುವುದು ಎಷ್ಟು ಮಾಮೂಲಿ ಅಂತ ನಿಮಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಬರೆದುಕೊಂಡವರು ತಮಗೆ ರೂಢಿ ಇದ್ದಂತೆ ಬರೆದುಕೊಂಡರು. ಅಪ್ಪ ಬದುಕಿರುವವರೆಗೆ ಅದು ಯಾರಿಗೂ ತೊಡಕಾಗಲಿಲ್ಲ.

ಈ ಪತ್ರ ಬರೆಯುವಂತೆ ಮಾಡಿದ್ದು ಹೋದ ತಿಂಗಳ ಒಂದು ಮಾತು. ಅವ್ವನಿಗೆ ಮಂಡಿ ನೋವು. ಮೆಟ್ಟಿಲು ಹತ್ತಿಸಿಕೊಂಡು ಪಿಂಚಣಿ ಕೌಂಟರಿಗೆ ಕರೆದೊಯ್ದಿದ್ದೆ. ಅಲ್ಲಿದ್ದವರು ಕಾಗದ ತಿರುಗಿಸಿ ನೋಡಿದರು. ತಲೆ ಎತ್ತಲಿಲ್ಲ. "ಇದರಾಗಿರೋ ಹೆಂಗಸು ನೀವಲ್ಲ. ಆ ಇನ್ನೊಬ್ಬಾಕಿ ಯಾರು? ಆಕೀನ್ನ ಕರಕೊಂಡ ಬರ್ರಿ" ಅಂದರು. ಹಿಂದೆ ಉದ್ದ ಸಾಲಿತ್ತು. ಎಲ್ಲರಿಗೂ ಕೇಳಿಸಿತು. ಅವ್ವ ಸೆರಗನ್ನು ಕೈಯಲ್ಲಿ ಮುದ್ದೆ ಮಾಡಿಕೊಂಡು, "ಹಂಗಾರ ಇಷ್ಟ ವರ್ಷ ಅವರ ಮನ್ಯಾಗ ಬಾಳಿದಾಕಿ ಯಾರ್ರೀ?" ಎಂದು ಕೇಳಿದಳು. ಅದಕ್ಕೆ ಉತ್ತರ ಬರಲಿಲ್ಲ. ಮುಂದಿನವರನ್ನು ಕರೆದರು.

ಸಂಸದರೇ, ಆ ಪ್ರಶ್ನೆಗೆ ಯಾರು ಉತ್ತರ ಕೊಡಬೇಕು? ಗಂಡ ಸತ್ತ ಹೆಂಗಸಿನ ಮುಂದೆ, ನಾಲ್ಕು ಜನ ಕೇಳುವ ಹಾಗೆ, ನಿನ್ನ ಗಂಡನಿಗೆ ಇನ್ನೊಬ್ಬಳಿದ್ದಳು ಎಂಬ ಅರ್ಥ ಬರುವಂತೆ ಮಾತಾಡಲು ಯಾವ ನಿಯಮದಲ್ಲಿ ಬರೆದಿದೆ?

ಆ ಗಂಡ ಎಂಥವರು ಅಂತ ಹೇಳಿಯೇ ಮುಂದೆ ಹೋಗುತ್ತೇನೆ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಅಪ್ಪ ಇನ್ನೂ ಹುಡುಗ. ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೇ ಬಟಾಲಿಯನ್, ಜಂಗಿ ಪಲ್ಟನ್ ಅಂತಾರಲ್ಲ, ಅದರಲ್ಲಿದ್ದರು. ಮೇಘಾಲಯದ ಕಡೆಯಿಂದ ಇಳಿದು, ಬ್ರಹ್ಮಪುತ್ರ ದಾಟಿ, ಜಮಾಲ್‌ಪುರದ ಹಿಂದೆ ದಾರಿ ಕಟ್ಟಿ ಕೂತ ಪಲ್ಟನ್ ಅದು. ಶರಣಾಗಿ ಎಂದು ನಮ್ಮ ಬ್ರಿಗೇಡಿಯರ್ ಚೀಟಿ ಕಳಿಸಿದರೆ, ಪಾಕಿಸ್ತಾನದ ಕಮಾಂಡರ್ ಉತ್ತರದ ಜೊತೆ ಒಂದು ಗುಂಡು ಇಟ್ಟು ಕಳಿಸಿದ. ಡಿಸೆಂಬರ್ 10ರ ರಾತ್ರಿ ಪಾಕಿಸ್ತಾನದವರು ಮೇಲಿಂದ ಮೇಲೆ ನುಗ್ಗಿದರು. ಅಪ್ಪನ ಪಲ್ಟನ್ ದಾರಿ ಬಿಡಲಿಲ್ಲ. ಬೆಳಗಾದ ಮೇಲೆ ಜಮಾಲ್‌ಪುರ ಶರಣಾಯಿತು. 16ಕ್ಕೆ ಢಾಕಾ. ಗುಂಡಿನ ಕತೆಯನ್ನು ಅಪ್ಪ ಮೊಮ್ಮಕ್ಕಳಿಗೆಲ್ಲ ಹೇಳುತ್ತಿದ್ದರು. ಆ ರಾತ್ರಿಯದನ್ನು ಮಾತ್ರ ಹೇಳುತ್ತಿರಲಿಲ್ಲ. ಜಾಸ್ತಿ ಕೇಳಿದರೆ ಎದ್ದು ದನಕ್ಕೆ ನೀರು ಕುಡಿಸಲು ಹೋಗುತ್ತಿದ್ದರು.

ನಮಗೆ ಅವರು ಬರೀ ಸೈನಿಕರಲ್ಲ. ರಜೆಗೆ ಬಂದರೆ ಟ್ರಂಕು ಇಳಿಸಿದ ಕೂಡಲೇ ನಮ್ಮ ಜಡೆ ಹಾಕಲು ಕೂರುತ್ತಿದ್ದರು. ಒಂದು ಕೂದಲೂ ಹೊರಗೆ ಉಳಿಯಬಾರದು, ಅಷ್ಟು ಬಿಗಿ. ಅವ್ವನ ಮಂಡಿ ಸೋತಾಗ ರೊಟ್ಟಿ ಬಡಿಯಲು ಕಲಿತರು. ಓಣಿಯವರು ನಕ್ಕರು. ಅವರು ಬಡಿಯುತ್ತಲೇ ಇದ್ದರು, ಕೊನೆಗೆ ನಕ್ಕವರ ಮನೆಗೂ ಬುತ್ತಿ ಕಳಿಸಿದರು. ಊರಿನಲ್ಲಿ ಬೇರೆ ಸೈನಿಕರು ತೀರಿಕೊಂಡಾಗ ಅವರ ಹೆಂಡಂದಿರ ಪಿಂಚಣಿ ಅರ್ಜಿ ತುಂಬಿಕೊಟ್ಟವರೂ ಅವರೇ. ಪಿಪಿಒ ಅನ್ನುವ ಪಿಂಚಣಿ ಆದೇಶ ಪತ್ರ, ಡಿಸ್ಚಾರ್ಜ್ ಪುಸ್ತಕ, ಜೋಡಿ ಫೋಟೊ ಎಲ್ಲ ಚೀಲದಲ್ಲಿ ಜೋಡಿಸಿ, ಬಸ್ ಚಾರ್ಜನ್ನೂ ಕೊಟ್ಟು ಕಳಿಸುತ್ತಿದ್ದರು. ಅವರ ಹೆಂಡತಿಗೇ ಈ ಗತಿ ಬಂದಿದೆ. ಅದಕ್ಕೇ ನನಗೆ ಹೊಟ್ಟೆ ಉರಿಯುತ್ತದೆ.

ಕೇಳಿದ್ದನ್ನೆಲ್ಲ ಕೊಟ್ಟಿದ್ದೇವೆ. ನೋಟರಿ ಅಫಿಡವಿಟ್ ಕೊಟ್ಟೆವು. ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದೆವು. ಎರಡೂ ಹೆಸರಿನವರು ಒಬ್ಬರೇ ಎಂದು ಪಂಚಾಯಿತಿಯಿಂದ ಬರೆಸಿ ತಂದೆವು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡಿನಲ್ಲಿ ಅವ್ವನ ಫೋಟೊ ಇದೆ, ಅದನ್ನು ಕೊಟ್ಟಿದ್ದು ಇದೇ ಸರ್ಕಾರ ಅಲ್ವಾ? ಪ್ರತಿ ಸಲ ಇನ್ನೊಂದು ಕಾಗದ ಕೇಳುತ್ತಾರೆ. ಅಪ್ಪ ಹೋದ ಮೇಲೆ ಖಾತೆಗೆ ಬಿದ್ದ ಪಿಂಚಣಿಯನ್ನು ವಾಪಸ್ ಎಳೆದುಕೊಳ್ಳಲು ಮಾತ್ರ ಯಾವ ಕಾಗದವೂ ಬೇಕಾಗಲಿಲ್ಲ. ಅದು ಜಂಟಿ ಖಾತೆ. ಆಗ ಅವ್ವ ಯಾರು ಅಂತ ಯಾರೂ ಕೇಳಲಿಲ್ಲ.

ಅವ್ವನನ್ನು ನಾವು ಮಕ್ಕಳು ನೋಡಿಕೊಳ್ಳುತ್ತೇವೆ. ಅನ್ನಕ್ಕೆ ಕೊರತೆ ಇಲ್ಲ. ಆದರೆ ಮಾತ್ರೆಗೆ ದುಡ್ಡು ಕೇಳುವಾಗ ಅವಳು ಮುಖ ಬೇರೆ ಕಡೆ ತಿರುಗಿಸುತ್ತಾಳೆ. ಅಪ್ಪ ಇದ್ದಾಗ ಅವಳು ಯಾರ ಮುಂದೆಯೂ ಕೈ ಚಾಚಿದವಳಲ್ಲ. ಅದು ಅಪ್ಪನ ದುಡಿಮೆ, ಅವಳಿಗೆ ಬರಬೇಕು. ಕೊಡಿಸಿ.

ಇದು ನಮ್ಮೊಬ್ಬರ ಮನೆಯ ಕತೆಯೂ ಅಲ್ಲ. ಸಾಲಿನಲ್ಲಿ ನಿಂತಾಗ ಇಂಥ ಎಷ್ಟೋ ವಿಧವೆಯರು ಸಿಗುತ್ತಾರೆ. ಒಬ್ಬರಿಗೆ ಹುಟ್ಟಿದ ದಿನ ತಪ್ಪಾಗಿದೆ, ಇನ್ನೊಬ್ಬರಿಗೆ ಒಂದು ಅಕ್ಷರ. ಜಿಲ್ಲೆಯಲ್ಲೇ ಒಂದು ಶಿಬಿರ ಮಾಡಿಸಿ. ದಾಖಲೆ ತಿದ್ದುವ ಅಧಿಕಾರ ಇರುವವರನ್ನೇ ಅಲ್ಲಿ ಕೂರಿಸಿ, ಸುಮ್ನೆ ಅರ್ಜಿ ತೆಗೆದುಕೊಳ್ಳುವವರನ್ನಲ್ಲ. ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವರ ಮುಂದೆ ಈ ಮಾತು ಎತ್ತಿ.

ಅದಕ್ಕೂ ಮೊದಲು, ಈ ವಾರವೇ, ಒಂದು ಫೋನ್ ಮಾಡಿ. ಅವ್ವನ ಅರ್ಜಿಯ ಪ್ರತಿ, ಎಲ್ಲ ದಾಖಲೆ ಸಮೇತ, ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ. ಅಪ್ಪ ಹೋದ ಮರುದಿನದಿಂದ ಲೆಕ್ಕ ಹಾಕಿ, ಬಾಕಿ ಸಮೇತ ಪಿಂಚಣಿ ಕೊಡಿಸಿ. ಆ ಕೌಂಟರಿನಲ್ಲಿ ಆ ಮಾತಾಡಿದವರು ಅವ್ವನ ಬಳಿ ಕ್ಷಮೆ ಕೇಳಬೇಕು.

ಇಂತಿ,
ಹವಾಲ್ದಾರರ ಮಗಳು
ಬೆಳಗಾವಿ ಜಿಲ್ಲೆ