ಮುಸಿಯ ಬಿದ್ದ ಜಾಗ

ಶಿವಮೊಗ್ಗ
ಶುಕ್ರವಾರ ಬೆಳಿಗ್ಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಸಿಕ್ಕಿತು. ಆಗಿನಿಂದ ನಾಲ್ಕು ಸಲ ಫೋನ್ ಮಾಡಿದೆ. ಸಾಗರದ ಆ ಮೂಲೆಗೆ ಸಿಗ್ನಲ್ ಬಂದರೆ ತಾನೇ. ಅಂಚೆಗೆ ಹಾಕಿದರೆ ತಡ, ಅದಕ್ಕೇ ಇದನ್ನು ಬಸ್ಸಿನ ಕಂಡಕ್ಟರ್ ಕೈಲಿ ಕೊಡುತ್ತೇನೆ.

ಮೂರು ಪುಟದಲ್ಲಿ ಎರಡೂವರೆ ಪುಟ ಹಕ್ಕಿ, ಹುಳದ್ದೇ. ಭೀಮರಾಜ ಕುಟ್ರ ಹಕ್ಕಿಯ ಹಾಗೆ ಕೂಗಿ ನಿನ್ನನ್ನು ಏಮಾರಿಸಿದ್ದು, ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತಿದ್ದ ಸಿಪಿಲೆ, ಚಗಳಿ ಇರುವೆಗಳು ಮಾವಿನೆಲೆ ಹೊಲಿದು ಗೂಡು ಮಾಡಿದ್ದು. ಎಲ್ಲ ಖುಷಿಯಿಂದ ಓದಿದೆ. ನಿನ್ನ ದೊಡ್ಡಮ್ಮನಿಗೂ ಓದಿ ಹೇಳುತ್ತಿದ್ದೆ. ಕೊನೇ ಸಾಲುಗಳಿಗೆ ಬಂದಾಗ ದನಿ ನಿಂತಿತು. ಹಳ್ಳದ ಪಕ್ಕ ಮುಸಿಯ ಮಂಗ ಸತ್ತು ಬಿದ್ದಿತ್ತು, ಹತ್ತಿರ ಕೂತು ಫೋಟೋ ತೆಗೆದೆ, ಯಾರಿಗೂ ಹೇಳಿಲ್ಲ, ಹೇಳಿದರೆ ಆ ದಾರಿ ಬಂದ್ ಮಾಡ್ತಾರೇನೋ ಅಂತ ಭಯ ಅಂತ ಬರೆದಿದ್ದೀಯಲ್ಲ.

ಹತ್ತಿರ ಅಂದರೆ ಎಷ್ಟು ಹತ್ತಿರ? ತರಗೆಲೆ ಮೇಲೇ ಕೂತೆಯಾ?

ಮಂಗ ಸತ್ತರೆ ಅದರ ಮೈಮೇಲೆ ರಕ್ತ ಹೀರುವ ಉಣುಗು ಅಲ್ಲೇ ಇರೋದಿಲ್ಲ. ಇಳಿದು ಸುತ್ತಲಿನ ತರಗೆಲೆಗೆ ಸೇರಿಕೊಳ್ಳುತ್ತವೆ. ಈ ಒಣಗಾಲದಲ್ಲಿ ಓಡಾಡೋದು ಮರಿ ಉಣುಗು, ಎಳ್ಳಿಗಿಂತ ಸಣ್ಣದು. ಚಿಟ್ಟೆಯ ರೆಕ್ಕೆ ಮೇಲಿನ ಚುಕ್ಕೆ ಎಣಿಸುವ ನಿನ್ನ ಕಣ್ಣಿಗೂ ಸಿಗೋದು ಕಷ್ಟ. ಅದು ಕಚ್ಚಿಯೇ ಮಂಗನ ಕಾಯಿಲೆ ಹತ್ತೋದು. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲೂ ಮೊದಲು ಮಂಗಗಳೇ ಸತ್ತವು. 2019ರಲ್ಲಿ ನಿಮ್ಮ ಅರಳಗೋಡಿನ ಕಡೆ ಅದೇ ಕಾಯಿಲೆಯಿಂದ ಏನಾಯಿತು ಅಂತ ಊರಿನವರು ನಿನಗೆ ಹೇಳಿಯೇ ಇರುತ್ತಾರೆ.

ನೀನು ನೋಡಿದ್ದು ಭಾನುವಾರ. ಇವತ್ತಿಗೆ ಐದು ದಿನ. ಮೂರರಿಂದ ಎಂಟು ದಿನದೊಳಗೆ ಜ್ವರ ಬರುತ್ತೆ ಅಂತಾರೆ. ರಾತ್ರಿಯೆಲ್ಲ ಇದೇ ಲೆಕ್ಕ ಹಾಕುತ್ತಾ ಮಲಗಿದ್ದೆ.

ಹೆದರಿಸೋಕೆ ಬರೆಯುತ್ತಿಲ್ಲ ಮಗಳೇ. ನಿನ್ನ ಹಾಗೇ ನಾನೂ ಒಮ್ಮೆ ಸುಮ್ಮನಿದ್ದೆ, ಅದಕ್ಕೆ.

ನನಗಾಗ ಇಪ್ಪತ್ತೆಂಟು. ಜನವರಿ ತಿಂಗಳು. ಬೆಳಿಗ್ಗೆ ಕಾಫಿ ಕುಡಿದು ಸೊಪ್ಪಿನ ಬೆಟ್ಟಕ್ಕೆ ಹೋಗೋದು ನನ್ನ ಚಟ. ಮನೆಯಲ್ಲಿ ಕೇಳಿದರೆ ಬೇಲಿ ನೋಡೋಕೆ ಅನ್ನುತ್ತಿದ್ದೆ. ಆವತ್ತು ಮಂಗಟ್ಟೆ ಹಕ್ಕಿ ಬಂದಿದೆಯಾ ಅಂತ ಅತ್ತಿಮರದ ಕೆಳಗೆ ಕತ್ತೆತ್ತಿ ನಿಂತಿದ್ದೆ. ಕತ್ತು ನೋಯಿತು ಅಂತ ಬಗ್ಗಿಸಿದರೆ ಬುಡದಲ್ಲಿ ಮಂಗ. ಒಂದು ಕೈ ಮುಖದ ಮೇಲೆ ಇಟ್ಟುಕೊಂಡು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡ ಹಾಗೆ ಬಿದ್ದಿತ್ತು.

ಬೆಟ್ಟದಿಂದ ದರಕು, ಅಂದರೆ ಒಣಗಿದ ಎಲೆ, ತರೋ ಕೆಲಸ ಅರ್ಧ ಆಗಿತ್ತು. ಸುದ್ದಿ ಗೊತ್ತಾದರೆ ಆಳುಗಳು ಬರೋದಿಲ್ಲ, ಕೊಟ್ಟಿಗೆಗೆ ಏನು ಹಾಸೋದು ಅನ್ನೋದು ನನ್ನ ಯೋಚನೆ. ಮೂರು ದಿನ ಬಾಯಿ ಬಿಡಲಿಲ್ಲ. ಆಮೇಲೆ ಬೇರೆ ಯಾರೋ ನೋಡಿ ಹೇಳಿದರು.

ದರಕಿಗೆ ಬರುತ್ತಿದ್ದ ಆಳುಗಳಲ್ಲಿ ಒಬ್ಬಳಿಗೆ ಜ್ವರ ಬಂತು. ಕಣ್ಣು ಕೆಂಡದ ಹಾಗೆ. ಆಸ್ಪತ್ರೆಯಿಂದ ಬಂದಳು, ಸುಧಾರಿಸಿದಳು ಅನ್ನುವಾಗ ಮತ್ತೆ ಮಲಗಿದಳು. ಕೊನೇ ಕೊಯ್ಲಿನ ಹೊತ್ತಿಗೆ ನಮ್ಮ ಅಂಗಳಕ್ಕೆ ಅಡಿಕೆ ಸುಲಿಯೋಕೆ ಬಂದು ಮೆಟ್ಟುಗತ್ತಿ ಮುಂದೆ ಕೂತಳು. ಕಾಯಿ ಹಿಡಿದ ಕೈ ನಿಲ್ಲುತ್ತಿರಲಿಲ್ಲ, ಟಕಟಕ ಅಂತ ಕತ್ತಿಯ ಅಲಗಿಗೆ ತಾಗುತ್ತಿತ್ತು. ಎರಡು ಕಾಯಿ ಸುಲಿದು ಎದ್ದಳು. ಹೋಗುವಾಗ ಕೇಳಿದಳು, ಆಗ ಬೆಟ್ಟದಲ್ಲಿ ಮಂಗ ಸತ್ತಿದ್ದು ನಿಮಗೆ ಗೊತ್ತಿತ್ತಾ ಅಯ್ಯಾ ಅಂತ. ಇಲ್ಲ ಅಂದೆ.

ಅವಳಿಗೆ ಅಲ್ಲಿಂದಲೇ ತಗುಲಿತೋ ಬೇರೆ ಕಡೆಯಿಂದಲೋ, ಯಾರು ಹೇಳಬೇಕು. ಆದರೆ ನಾನು ಇಲ್ಲ ಅಂದೆನಲ್ಲ.

ನಿನಗೆ ಬುದ್ಧಿ ಹೇಳೋಕೆ ನಾನು ಯಾರು ಅಂತ ಅನ್ನಿಸುತ್ತೆ. ಆದರೂ ಕೇಳು. ಈ ಕಾಗದ ಕೈಗೆ ಬಂದ ಕೂಡಲೇ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿಬಿಡು. ಐದು ದಿನ ಆಯ್ತಲ್ಲ ಅಂತ ಬಿಡಬೇಡ. ಜಾಗ ನೋಡಿ ಸುತ್ತ ಉಣುಗು ಸಾಯೋ ಪುಡಿ ಹಾಕುತ್ತಾರೆ. ಬೈದರೆ ಬೈಸಿಕೋ. ಮೈ ಬಿಸಿಯಾದರೆ ಮಾತ್ರೆ ನುಂಗಿ ಶಾಲೆಗೆ ಹೋಗಬೇಡ, ರಕ್ತ ಪರೀಕ್ಷೆ ಮಾಡಿಸು, ಮುಸಿಯದ ವಿಷಯ ಡಾಕ್ಟರಿಗೆ ಮೊದಲೇ ಹೇಳು.

ನಡಿಗೆ ಬಿಡು ಅನ್ನೋಕೆ ಬಾಯಿ ಬರೋದಿಲ್ಲ. ಮಳೆ ಬೀಳುವವರೆಗೆ ಡಾಂಬರು ರಸ್ತೆಯಲ್ಲೇ ಹೋಗಬಾರದಾ? ಭೀಮರಾಜ ಅಲ್ಲಿಗೂ ಬರುತ್ತಾನೆ. ಸಿಳ್ಳಾರದ ಸಿಳ್ಳೆ, ಸೀತಾಳೆ ದಂಡೆಯ ಹೂ ಎಲ್ಲ ಮಳೆ ಶುರುವಾದ ಮೇಲೆ ತಾನೇ. ಕಾಡಿಗೇ ಹೋಗಲೇಬೇಕು ಅಂದರೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡೇಪಾ ಎಣ್ಣೆ ಕೇಳಿ ತಗೋ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೋ, ಎಲ್ಲೂ ಕೂರಬೇಡ. ಬಂದವಳು ಬಿಸಿನೀರು ಹಾಕಿಕೋ, ಬಟ್ಟೆಯನ್ನೂ ಬಿಸಿನೀರಿಗೇ ಹಾಕು. ಇದೆಲ್ಲ ನಿನಗೆ ಗೊತ್ತಿರೋದೇ ಇರಬಹುದು.

ಒಂದು ಮಾತ್ರ ತಪ್ಪದೆ ತಿಳಿಸು. ಕಂಡಕ್ಟರ್ ಸಂಜೆ ವಾಪಸ್ ಬರುತ್ತಾನೆ, ಎರಡು ಸಾಲಾದರೂ ಸಾಕು. ಮುಸಿಯ ಬಿದ್ದಿದ್ದು ಹಳ್ಳದ ಆಚೆಯೋ ಈಚೆಯೋ? ಈಚೆಗಾದರೆ ದರಕು ಹೊರುವ ಹೆಂಗಸರು ಅದೇ ದಾರಿಯಲ್ಲಿ ಬರುತ್ತಾರೆ.

ನಿನ್ನ ದೊಡ್ಡಪ್ಪ